ಗೂಡಿನಲ್ಲಿ ಬಿಟ್ಟ ಒಂದು ತತ್ತಿ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗಾದೆ ಕಟ್ಟಿದವರು ಮಮತಾಳನ್ನು ನೋಡಿರಲಿಲ್ಲ. ಕೊರ್ಲಹಳ್ಳಿಗೆ ಸೊಸೆಯಾಗಿ ಬಂದು ಆರು ವರ್ಷವಾಗಿತ್ತು, ಮಗಳು ಸಪ್ನಾ ಓಡಾಡುವಷ್ಟು ದೊಡ್ಡವಳಾಗಿದ್ದಳು, ಇವಳು ಮಾತ್ರ ತುಂಗಭದ್ರೆಯಲ್ಲಿ ಮೊಣಕಾಲುದ್ದ ಇಳಿದವಳಲ್ಲ. ತವರು ಕಪ್ಪತಗುಡ್ಡದ ಕಡೆಯ ಡೋಣಿ. ಅಲ್ಲಿ ನೀರೆಂದರೆ ಕೊಡದಲ್ಲಿ ಇರುವಂಥದ್ದು, ತಾನಾಗಿ ಹರಿದು ಬಂದು ಮನೆ ಮುಂದೆ ನಿಲ್ಲುವಂಥದ್ದಲ್ಲ. ಬಟ್ಟೆ ಒಗೆಯಲು ಹೋದರೂ ದಂಡೆಯ ಮೇಲಿನ ಕಲ್ಲಿನಲ್ಲೇ ಕೂತು ಅತ್ತೆಯಿಂದ ನೀರು ಮೊಗೆಸಿಕೊಳ್ಳುತ್ತಿದ್ದಳು. ಊರ ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ, ನಕ್ಕವರೇನು ನೀರಿನೊಳಗೆ ಏನಿದೆ ಎಂದು ಕಂಡವರೇ?

ಇಂಥ ಅಂಜುಬುರುಕಿಯ ಮನೆಗೇ ಬಂದು ಕೂತವು ನೋಡಿ, ಆ ತತ್ತಿಗಳು.

ಗಂಡ ಲೋಹಿತ ಮೀನು ಹಿಡಿಯುವವನು. ಹಿಡಿದ ಮೀನನ್ನು ಮುಂಡರಗಿಗೆ ಒಯ್ಯಲು ಥರ್ಮಾಕೋಲಿನ ದೊಡ್ಡ ಐಸ್ ಡಬ್ಬಿಗಳನ್ನು ಇಟ್ಟುಕೊಂಡಿದ್ದ. ಬೇಸಿಗೆಯ ಒಂದು ಮುಂಜಾನೆ ಅಂಥದೊಂದು ಡಬ್ಬಿಯನ್ನು ಅವನೂ ಅರಣ್ಯದ ಗಾರ್ಡ್ ಹೊನ್ನೇಶನೂ ಎರಡು ಕಡೆ ಹಿಡಿದು, ತುಂಬಿದ ಎಣ್ಣೆ ಕೊಡ ಹೊತ್ತವರಂತೆ ಮೆಲ್ಲಗೆ ಹೆಜ್ಜೆಯಿಡುತ್ತ ತಂದು ಪಡಸಾಲೆಯಲ್ಲಿ ಜೋಳದ ಚೀಲಗಳ ಪಕ್ಕ ಇಳಿಸಿದರು. ಹಿಂದೆ ಅತ್ತೆ ದುರಗವ್ವ ನೋಯುವ ಮೊಣಕಾಲು ಒತ್ತಿಕೊಳ್ಳುತ್ತ ಬಂದಳು.

"ಏನ್ರಿ ಅದು?" ಮಮತಾ ಕೇಳಿದಳು.

"ತತ್ತಿ."

"ಯಾವುದರವು?"

ಲೋಹಿತ ಹೊನ್ನೇಶನ ಮುಖ ನೋಡಿದ. ಹೊನ್ನೇಶ ಮೇಲೆ ಜಂತಿ ನೋಡಿದ. ಉತ್ತರ ಕೊಟ್ಟವಳು ದುರಗವ್ವ. "ಹೊಳೀ ಅಕ್ಕನವು," ಅಂದಳು. ದಂಡೆಯ ಹಳಬರು ಮೊಸಳೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಅದಕ್ಕೆ ಕೇಳಿಸುತ್ತದಂತೆ.

ಮಮತಾ ಒಂದೇ ಉಸಿರಿಗೆ ಸಪ್ನಾಳನ್ನು ಎತ್ತಿಕೊಂಡು ಅಂಗಳಕ್ಕೆ ಹಾರಿದಳು. "ನಾ ಡೋಣಿಗೆ ಹೊಂಟೆ! ಇವತ್ತ ಹೊಂಟೆ! ಒಂದೋ ಈ ಮನ್ಯಾಗ ಅವು ಇರಬೇಕು, ಇಲ್ಲಾ ನಾ ಇರಬೇಕು!"

"ಕುಂಡ್ರ ಬರ್ರಿ ವೈನಿ," ಎಂದು ಹೊನ್ನೇಶ ಕೈ ಮುಗಿದ. ಮೇಲೆ ಮಳೆಯಾಗಿದೆ, ಹೊಳೆ ಏರುತ್ತದೆ, ಒಗೆಯುವ ಕಲ್ಲಿನ ಕೆಳಗಿನ ಮರಳಿನಲ್ಲಿ ಆಕೆ ಇಟ್ಟ ತತ್ತಿಗಳು ಮುಳುಗಿ ಕೊಳೆಯುತ್ತವೆ, ಸಾಹೇಬರು ಒಪ್ಪಿಗೆ ಕೊಟ್ಟಿದ್ದಾರೆ, ಮರಿಯಾಗುವ ತನಕ ಇಲ್ಲಿರಲಿ ಎಂದು ಒಂದೊಂದಾಗಿ ಹೇಳಿದ. "ಗದಗಕ್ಕ ಗಾಡ್ಯಾಗ ಒಯ್ದ್ರ ರಸ್ತೇದಾಗ ಅಲುಗಾಡಿ ಒಳಗಿನ ಕೂಸು ಸಾಯ್ತಾವ್ರಿ. ನಿಮ್ಮ ಮನಿ ದಂಡೀಗೆ ಹತ್ರ ಐತಿ, ಕರೆಂಟೂ ಐತಿ."

ಮಮತಾಳಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು, ದಂಡೀಗೆ ಹತ್ರ ಐತಿ. ಹತ್ತಿರವಿದೆ ಎಂದೇ ಅಲ್ಲವೇ ಅವಳಿಗೆ ಆರು ವರ್ಷದಿಂದ ಸರಿಯಾಗಿ ನಿದ್ದೆ ಹತ್ತದೆ ಇದ್ದದ್ದು!

ಗಂಡಸರಿಬ್ಬರೂ ಮಾತ್ರ ಆಟಿಕೆ ಸಿಕ್ಕ ಹುಡುಗರಂತೆ ಕಾವಿನ ಪೆಟ್ಟಿಗೆ ಮಾಡಲು ಕೂತರು. ಹೊನ್ನೇಶನಿಗೆ ಮೊದಲು ಹೊಳೆದದ್ದು ಬೆಟಗೇರಿಯ ಶಫೀಕನ ಹತ್ತಿರವಿದ್ದ ಕೋಳಿಮರಿ ಮಾಡುವ ಮಷೀನು. ಲೋಹಿತ ಹೋಗಿ ನೋಡಿಕೊಂಡು ಬಂದಿದ್ದ. ಅದರೊಳಗಿನ ತಟ್ಟೆ ತಾನಾಗಿ ಅತ್ತಿತ್ತ ಹೊರಳುತ್ತದೆ, ಕೋಳಿ ಕೊಕ್ಕಿನಿಂದ ತತ್ತಿ ಹೊರಳಿಸಿದ ಹಾಗೆ. ಕೋಳಿಗೆ ಅದು ಬೇಕು, ಇವುಗಳಿಗೆ ಅದೇ ವಿಷ. ಇಟ್ಟ ಮಗ್ಗುಲಿನಲ್ಲೇ ಇರಬೇಕು, ಮೇಲುಕೆಳಗಾದರೆ ಒಳಗಿನ ಜೀವ ಉಸಿರುಗಟ್ಟಿ ಹೋಗುತ್ತದೆ. ಅದಕ್ಕೇ ಮರಳು ಅಗೆಯುವಾಗಲೇ ಹೊನ್ನೇಶ ಪ್ರತಿ ತತ್ತಿಯ ನೆತ್ತಿಗೂ ಪೆನ್ಸಿಲ್ಲಿನಿಂದ ಗೀಟು ಎಳೆದಿದ್ದ.

"ತಂಪು ಹಿಡಿಯೋ ಡಬ್ಬಿ ಬಿಸಿ ಯಾಕ ಹಿಡಿಯಂಗಿಲ್ಲ?" ಅಂದ ಲೋಹಿತ. ಅವನ ಮಾತು ಸುಳ್ಳಾಗಲಿಲ್ಲ. ಡಬ್ಬಿಯ ತಳಕ್ಕೆ ಗೇಣುದ್ದ ನೀರು ಹುಯ್ದು, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ಬಳಸುವ ಹೀಟರು ಮುಳುಗಿಸಿದರು. ನೀರಿನಲ್ಲಿ ಇಟ್ಟಿಗೆ, ಇಟ್ಟಿಗೆಯ ಮೇಲೆ ಮೀನಿನ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯಲ್ಲಿ ಅದೇ ಗೂಡಿನ ಹಸಿ ಮರಳು, ಮರಳಿನಲ್ಲಿ ಅರ್ಧ ಹೂತ ತತ್ತಿಗಳು. ಮುಚ್ಚಳಕ್ಕೆ ತೂತು ಕೊರೆದು ಶಾಖ ತೋರಿಸುವ ಕಡ್ಡಿ ಇಳಿಬಿಟ್ಟರು. ಅದರ ಅಂಕಿ ಹೊರಗೆ ಹೊಳೆಯುತ್ತಿತ್ತು. ಮೂವತ್ತೊಂದು, ಮೂವತ್ತೆರಡು. ಅದರ ಆಚೆಗೂ ಹೋಗಬಾರದು, ಈಚೆಗೂ ಬರಬಾರದು.

"ಮರಿ ಹೊರಗ ಬರೂದು ಹೆಂಗ ಗೊತ್ತಾಕ್ಕೈತಿ ಹೊನ್ನೇಶಣ್ಣ?" ಅಂಜಿಕೆಯವಳಿಗೆ ಪ್ರಶ್ನೆ ಜಾಸ್ತಿ.

"ತತ್ತಿ ಒಳಗಿಂದನ ಕೂಗ್ತಾವ್ರಿ ವೈನಿ, ಎಲ್ಲಾವೂ ಕೂಡಿ. ಅದನ್ನ ಕೇಳಿ ಅವರವ್ವ ಓಡಿ ಬಂದು ಮರಳು ಕೆದರತಾಳ." ಹೇಳಿದ ಮೇಲೆ ಅವನಿಗೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಮಮತಾಳ ಮುಖ ಬಿಳಿಚಿಕೊಂಡಿತ್ತು.

"ಅಂದ್ರ ನಮ್ಮ ಮನೀಗೆ ಬರ್ತಾಳ."

"ಇಲ್ಲ್ರಿ! ಗೂಡು ಖಾಲಿ ಆತು, ಮ್ಯಾಲೆ ನೀರು ಬಂತಂದ್ರ ಆಕಿ ಮರತು ತನ್ನ ದಾರಿ ಹಿಡೀತಾಳ. ನೀವು ಸುಮ್ನ ಅಂಜಬ್ಯಾಡ್ರಿ."

ಅಂಜಬೇಡ ಅಂದರೆ ಅಂಜಿಕೆ ಹೋಗುವ ಹಾಗಿದ್ದರೆ ಲೋಕದಲ್ಲಿ ಅಂಜುವವರೇ ಇರುತ್ತಿರಲಿಲ್ಲ.

ಆ ಪೆಟ್ಟಿಗೆ ಕಾಯುವ ಕೆಲಸ ಯಾರ ಪಾಲಿಗೆ ಬಂದಿತೆಂದು ಬೇರೆ ಹೇಳಬೇಕೇ? ಗಂಡ ಬೆಳಗಾದರೆ ಹೊಳೆಯ ಮೇಲೆ. ಅತ್ತೆಗೆ ಆ ಅಂಕಿ ಕಣ್ಣಿಗೆ ಹತ್ತುವುದಿಲ್ಲ. ಮುಂಡರಗಿ ಸೀಮೆಯ ಬಿಸಿಲಿಗೆ ಹೀಟರು ಯಾಕೆ ಬೇಕು? ಮಧ್ಯಾಹ್ನವಾದರೆ ಅಂಕಿ ತಾನೇ ಏರುತ್ತಿತ್ತು. ಆಗ ಮಮತಾ ಹೀಟರು ಆರಿಸಿ, ಗೋಣಿಚೀಲ ತೋಯಿಸಿ ಡಬ್ಬಿಗೆ ಹೊದಿಸಿ, ಬೀಸಣಿಗೆಯಿಂದ ಗಾಳಿ ಹಾಕಬೇಕು. ಮಳೆಮೋಡ ಕವಿದು ಕರೆಂಟು ಹೋದರೆ ಬಾಟಲಿಗಳಲ್ಲಿ ಬಿಸಿನೀರು ತುಂಬಿ ಬುಟ್ಟಿಯ ಸುತ್ತ ನಿಲ್ಲಿಸಬೇಕು. ಒಳಗೆ ಕೈ ಹಾಕುವಾಗ ಅವಳ ಎದೆ ಡವಡವ ಅನ್ನುವುದು ಸಪ್ನಾಳಿಗೂ ಕೇಳಿಸುತ್ತಿತ್ತು.

"ಸಾಯಬ್ಯಾಡ್ರೋ," ಎಂದು ತತ್ತಿಗಳನ್ನು ಬೈಯುತ್ತಿದ್ದಳು. "ನೀವು ಸತ್ರ ನಿಮ್ಮವ್ವಗ ನಾ ಏನಂತ ಹೇಳ್ಲಿ?" ಮತ್ತೆ ಮರುಗಳಿಗೆಗೆ, ಇವು ಬದುಕಿ ಕೂಗಿದರೆ ಏನು ಗತಿ ಎಂದು ಬಾಗಿಲ ಕಡೆ ನೋಡುತ್ತಿದ್ದಳು. ಅತ್ತ ದರಿ, ಇತ್ತ ಪುಲಿ.

ಹೊಳೆ ಏರತೊಡಗಿತು. ಹೊನ್ನೇಶ ಹೇಳಿದ ಹಾಗೆ ಗೂಡಿದ್ದ ಮರಳು ಮುಳುಗಿತು. ಆದರೆ ಆಕೆ ಮರೆಯಲಿಲ್ಲ, ದಾರಿ ಹಿಡಿಯಲಿಲ್ಲ.

ಮೊದಲ ದಿನ ಆಕೆಯ ಗುರುತು ಕಂಡದ್ದು ಒಗೆಯುವ ಕಲ್ಲಿನ ಹತ್ತಿರ. ಕೆಸರಿನಲ್ಲಿ ಅಗಲವಾದ ಹೊಟ್ಟೆ ಎಳೆದುಕೊಂಡು ಹೋದ ಸಾಲು, ನಡುವೆ ಬಾಲದ ಗೆರೆ, ಎರಡೂ ಮಗ್ಗುಲಿಗೆ ಉಗುರಿನ ಗುಳಿ. ಹೊಳೆಯ ಆಕೆ ಹೊಳೆದಂಡೆಗೆ ಬಾರದೆ ಇನ್ನೆಲ್ಲಿಗೆ ಬರಬೇಕು ಎಂದ ಲೋಹಿತ. ಕೆಲವು ದಿನ ಬಿಟ್ಟು ಆ ಸಾಲು ಜಾಲಿ ಗಿಡದವರೆಗೆ ಬಂದಿತ್ತು. ಆಮೇಲೆ ಹುಲ್ಲಿನ ಬಣವೆಯವರೆಗೆ. ಬಣವೆಯಿಂದ ಅಂಗಳ ಎಷ್ಟು ದೂರ? ಸಪ್ನಾ ಕುಂಟಾಟ ಆಡುತ್ತ ಹೋಗಿ ಬರುವಷ್ಟು.

ಮಮತಾ ಮಗಳನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದಳು. ಲೋಹಿತ ನಗುವುದನ್ನು ಬಿಟ್ಟು ಅಂಗಳದ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದ. ಆಕೆಗೆ ವಾಸನೆ ಹೇಗೆ ಹತ್ತಿತು, ಮನೆಯ ದಾರಿ ಯಾರು ತೋರಿಸಿದರು ಎಂದು ಗಂಡಹೆಂಡಿರಿಬ್ಬರೂ ತಲೆ ಕೆಡಿಸಿಕೊಂಡರು. ದುರಗವ್ವ ಮಾತ್ರ ಅಡಕೆ ಕತ್ತರಿಸುತ್ತ ಸುಮ್ಮನೆ ಕೂತಿರುತ್ತಿದ್ದಳು. ಮಾತಿನ ಮಲ್ಲಿ ದುರಗವ್ವ ಸುಮ್ಮನಿರುವುದೆಂದರೇನು? ಮಮತಾಳಿಗೆ ಅಲ್ಲೇ ಸಂಶಯ ಹತ್ತಿತು.

ಒಂದು ಸಂಜೆ ಅತ್ತೆ ಮೊರ ಹಿಡಿದು ಬಣವೆಯ ಹಿಂದೆ ಹೋದದ್ದನ್ನು ಕಂಡು, ಮಗಳನ್ನು ಒಳಗೆ ಹಾಕಿ ಬಾಗಿಲೆಳೆದು, ಜೀವ ಬಿಗಿಹಿಡಿದು ಹಿಂದೆ ಹೋದಳು. ದುರಗವ್ವ ಬಣವೆಯ ಬುಡ ಕೆದರುತ್ತಿದ್ದಳು. ಒಳಗಿನಿಂದ ಒಂದು ಬಿಳಿ ತತ್ತಿ ತೆಗೆದು ಮೊರದ ಮರಳಿನಲ್ಲಿಟ್ಟು, ಪಕ್ಕದ ತಿಪ್ಪೆಯ ಕಡೆ ಹೊರಟಳು. ಆ ತತ್ತಿಗೆ ಕುಂಕುಮದ ಬೊಟ್ಟು ಬೇರೆ!

"ಅತ್ತೀ!"

ದುರಗವ್ವ ಬೆಚ್ಚಿಬಿದ್ದಳು. ಆದರೆ ತತ್ತಿ ಬೀಳಗೊಡಲಿಲ್ಲ.

"ಏನ್ ಮಾಡಾಕತ್ತೀರಿ ಅತ್ತಿ? ಎಲ್ಲಿದು ಇದು?"

"ಒಂದು ಬಿಟ್ಟಿದ್ದೆ ಯವ್ವಾ," ಎಂದಳು ದುರಗವ್ವ, ಕದ್ದು ಸಿಕ್ಕವಳಂತೆ. "ಅವರು ಎಲ್ಲಾ ಬಾಚಿಕೊಂಡು ಹೊಂಟಿದ್ರು. ಗೂಡು ಬರಿದು ಮಾಡಬಾರ್ದು. ಕೋಳಿ ಬುಟ್ಟಿಯಾಗಿಂದ ತತ್ತಿ ತಗೀಬೇಕಾದ್ರ ನಾವು ಒಂದು ಬಿಡೂದಿಲ್ಲೇನು? ಕೋಳಿಗೇನು ಲೆಕ್ಕ ಬರ್ತೈತಿ? ಒಂದು ಕಂಡ್ರ ಸಾಕು, ಎಲ್ಲಾ ಅದಾವ ಅಂತ ತಿಳಿದು ಸುಮ್ನಿರತೈತಿ. ಪೂರಾ ತಗದ್ರ ಕೊರಗತೈತಿ. ಈಕೀನೂ ತಾಯಿ ಅಲ್ಲೇನು? ಹೆತ್ತವರಿಗೆ ಹೆಗ್ಗಣ ಮುದ್ದು."

"ಬಿಟ್ರಿ ಖರೆ, ಇಲ್ಲಿಗೆ ಹೆಂಗ ಬಂತು?"

"ಹೊಳಿ ಏರಿತಲ್ಲ. ಮುಳುಗಾಕ ಬಿಡಲೇನು? ನೀರು ಮುಂದ ಬಂದಂಗ ನಾ ಅದನ್ನ ಮ್ಯಾಲೆ ಮ್ಯಾಲೆ ತಂದಿಟ್ಟೆ. ಆಕಿ ನೀರಾಗಿಂದ ನೋಡ್ತಿದ್ದಳು. ನನಗೇನೂ ಮಾಡ್ಲಿಲ್ಲ."

ಮಮತಾ ಬೆರಳು ಮಡಚಿ ಎಣಿಸಿದಳು. ಕಲ್ಲಿನ ಹತ್ತಿರ, ಗಿಡದ ಬುಡ, ಬಣವೆ. ಮೊಸಳೆಗೆ ದಾರಿ ಯಾರು ತೋರಿಸಿದ್ದೆಂದರೆ ಮನೆಯ ಹಿರಿಯಳೇ, ಕೈ ಹಿಡಿದು ಕರೆದುಕೊಂಡು ಬಂದ ಹಾಗೆ! ನಾಳೆ ತಿಪ್ಪೆ, ನಾಡಿದ್ದು ಹೊಸ್ತಿಲು. ಅವಳು ಅಲ್ಲೇ ಕೂತು ಗಳಗಳ ಅತ್ತುಬಿಟ್ಟಳು. "ನನಗಿರೂದು ಒಂದ ಕೂಸು ಅತ್ತಿ," ಅಂದಳು. "ಒಂದ."

ದುರಗವ್ವ ಕೈಯಲ್ಲಿದ್ದ ಮೊರ ಕೆಳಗಿಳಿಸಿದಳು. ಹೆದರುವುದು ಅವಳಿಗೆ ಗೊತ್ತಿರಲಿಲ್ಲ. ಹೆದರಿದವರ ಸಂಕಟವೂ ಗೊತ್ತಿರಲಿಲ್ಲ.

ಮರುದಿನ ಹೊನ್ನೇಶ ಬಂದು ಆ ತತ್ತಿಯನ್ನು ಬಿಸಿಲಿಗೆ ಹಿಡಿದು ನೋಡಿ ತಲೆಯಾಡಿಸಿದ. "ಇದನ್ನ ಊರೆಲ್ಲಾ ಮೆರವಣಿಗಿ ಮಾಡೀರಲ್ಲ ಯವ್ವಾ! ಇದರ ಆಟ ಮುಗದೈತಿ. ಹೊಳೀಗೆ ಒಗೀರಿ, ಆಕಿ ವಾಸನಿ ಹಿಡಕೊಂಡು ಹಿಂದಕ್ಕ ಸರೀತಾಳ." ಒಗೆಯಲು ದುರಗವ್ವನಿಗೆ ಮನಸ್ಸು ಬರಲಿಲ್ಲ. ಇವತ್ತೊಂದಿನ ಇರಲಿ ಎಂದು ದೇವರ ದೀಪದ ಪಕ್ಕ ಗೋಡೆಯ ಮಾಡದಲ್ಲಿಟ್ಟಳು. ಮುಂಜಾನೆ ಏಳುವಾಗ ಮಾಡ ಖಾಲಿಯಿತ್ತು. ಅತ್ತೆ ಹೊಳೆಗೆ ಹಾಕಿರಬೇಕು ಎಂದುಕೊಂಡಳು ಸೊಸೆ. ಸೊಸೆಯೇ ಹಾಕಿರಬೇಕು ಎಂದುಕೊಂಡಳು ಅತ್ತೆ. ಇಬ್ಬರಿಗೂ ಆ ಮಾತು ಎತ್ತುವುದು ಬೇಡವಾಗಿತ್ತು.

ಗುರುತುಗಳು ಬಣವೆಯ ಹತ್ತಿರವೇ ನಿಂತವು. ಹಿಂದೆ ಮಾತ್ರ ಸರಿಯಲಿಲ್ಲ. ಹೊಳೆಯೂ ಬಣವೆಯ ಕೆಳಗೆ ಬಂದು ನಿಂತಿತ್ತು.

ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ನಸುಕು. ಲೋಹಿತ ಬಲೆ ಎತ್ತಲು ಹರಗೋಲಿನಲ್ಲಿ ಹೋಗಿ ಸ್ವಲ್ಪ ಹೊತ್ತಾಗಿತ್ತು. ಮಮತಾ ಒಲೆ ಹೊತ್ತಿಸುತ್ತಿದ್ದಳು. ಪಡಸಾಲೆಯಿಂದ ಒಂದು ಸದ್ದು ಬಂತು. ಕಪ್ಪೆಯೇ ಎಂದುಕೊಂಡಳು. ಮತ್ತೆ ಬಂತು. ಉಂಕ್. ಉಂಕ್. ಒಂದಕ್ಕೆ ಇನ್ನೊಂದು ಓಗೊಟ್ಟಿತು, ಅದಕ್ಕೆ ಮತ್ತೊಂದು, ಆಮೇಲೆ ಇಡೀ ಡಬ್ಬಿಯೇ ಕೂಗಲಾರಂಭಿಸಿತು. ಅವಳ ಕೈಯಿಂದ ಊದುಗೊಳವೆ ಜಾರಿ ಬಿತ್ತು.

"ಅತ್ತಿ... ಕೂಗಾಕತ್ತಾವು."

ದುರಗವ್ವ ಎದ್ದು ಕೂತು ಕಿವಿಗೊಟ್ಟಳು. ಹೊರಗೆ ಮುಳ್ಳುಬೇಲಿ ಚಟಚಟ ಮುರಿದ ಸದ್ದು.

ಆ ಮನೆಗೆ ಇದ್ದದ್ದು ಒಂದೇ ಬಾಗಿಲು, ಅದೂ ತಗಡಿನದು. ಮಮತಾ ಚಿಲಕ ಹಾಕಿ ಕಿಟಕಿಯ ಸಂದಿಯಿಂದ ನೋಡಿದಳು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಂಗಳದ ನಡುವೆ, ನಿನ್ನೆ ಸಪ್ನಾ ರಂಗೋಲಿ ಗೀಚಿದ್ದ ಜಾಗದ ಮೇಲೆ, ಅದು ಬಿದ್ದುಕೊಂಡಿತ್ತು. ಅಷ್ಟು ಉದ್ದ ಇರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬೆನ್ನ ಮೇಲಿಂದ ನೀರು ಸುರಿಯುತ್ತಿತ್ತು. ಕಣ್ಣು ಬಾಗಿಲಿನ ಮೇಲಿತ್ತು.

ಗಂಡನಿಗೆ ಫೋನ್ ಹಚ್ಚಿದಳು. ಫೋನು ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲೇ ಬಡಿದುಕೊಂಡಿತು. ನೀರಿಗೆ ಹೋಗುವಾಗ ತೋಯ್ದೀತೆಂದು ಅವನು ಬಿಟ್ಟು ಹೋಗುತ್ತಿದ್ದ. ಹೊನ್ನೇಶನಿಗೆ ಹಚ್ಚಿದಳು. "ಬಂದೆ ವೈನಿ, ಮುಂಡರಗಿ ಬಿಟ್ಟೆ! ಬಾಗಲಾ ತೆಗೀಬ್ಯಾಡ್ರಿ!" ಎಂದ ಅವನು. ಮುಂಡರಗಿ ಬಿಟ್ಟನಂತೆ! ಅವನು ಬರುವಷ್ಟರಲ್ಲಿ ಇಲ್ಲಿ ಏನು ಉಳಿದಿರುತ್ತದೆ?

ಡಬ್ಬಿ ಇನ್ನೂ ಜೋರಾಗಿ ಕೂಗಿತು. ಢಂ ಎಂದು ಬಾಗಿಲಿಗೆ ಏನೋ ಬಡಿಯಿತು. ತಗಡಿನ ಕೆಳಭಾಗ ಒಳಕ್ಕೆ ಬಾಗಿ, ಆ ಸಂದಿಯಲ್ಲಿ ಮೂತಿಯ ತುದಿ ಕಂಡಿತು, ಹಲ್ಲಿನ ಸಾಲು ಕಂಡಿತು. ಹೊಳೆಯ ಕೆಸರಿನ ನಾತ ಒಳಗೆಲ್ಲ ತುಂಬಿತು. ಸಪ್ನಾ ಎದ್ದು "ಯವ್ವಾ" ಎಂದು ಚೀರಿದಳು. ದುರಗವ್ವ ತೆವಳಿ ಹೋಗಿ ಮೊಮ್ಮಗಳನ್ನು ತಬ್ಬಿಕೊಂಡಳು. ಇನ್ನೊಂದು ಏಟಿಗೆ ಬಾಗಿಲು ಉಳಿಯುವುದಿಲ್ಲ, ಅದು ಮಮತಾಳಿಗೆ ಖಚಿತವಾಯಿತು.

"ಕೊಟ್ಟುಬಿಡ ಯವ್ವಾ," ಅಂದಳು ದುರಗವ್ವ. "ಆಕೀವು ಆಕೀಗೆ ಕೊಟ್ಟುಬಿಡು. ನನ್ನ ಮೊಣಕಾಲು ಏಳಾಕ ಬರವಲ್ದು."

ಕೊಡುವುದು ಅಂದರೆ ಬಾಗಿಲು ತೆರೆಯುವುದು. ಮಮತಾ ಅಳುತ್ತಲೇ ಡಬ್ಬಿಯ ಮುಚ್ಚಳ ಕಿತ್ತೆಸೆದಳು. ಕೆಲವು ತತ್ತಿ ಬಿರಿದು ಸಣ್ಣ ಮೂತಿಗಳು ಹೊರಗೆ ಬಂದಿದ್ದವು. ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹೊಸ್ತಿಲ ಹತ್ತಿರ ತಂದಿಟ್ಟಳು. ಮೂತಿ ಹಿಂದೆ ಸರಿದದ್ದನ್ನು ಸಂದಿಯಲ್ಲಿ ನೋಡಿ ಚಿಲಕ ತೆಗೆದಳು, ಗೋಡೆಗೊರಗಿಸಿದ್ದ ಹರಗೋಲಿನ ಹಳೆಯ ಗಳದಿಂದ ಬುಟ್ಟಿಯನ್ನು ಅಂಗಳಕ್ಕೆ ನೂಕಿದಳು, ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು.

ಹೊರಗೆ ಚಿಪ್ಪು ಪುಡಿಯಾಗುವ ಸದ್ದು. ಕರ್, ಕರ್. ಒಂದು ಕೂಗು ನಿಂತಿತು. ಇನ್ನೊಂದು ನಿಂತಿತು.

"ತಿಂದಳ್ರೀ ಅತ್ತಿ," ಎಂದು ಮಮತಾ ಮುಖ ಮುಚ್ಚಿಕೊಂಡಳು. ಅಷ್ಟು ದಿನ ಗಾಳಿ ಬೀಸಿ, ನೀರು ಚಿಮುಕಿಸಿ, ಬೈದು ಕಾಪಾಡಿದ ಜೀವಗಳು! ಭಯದೊಳಗೇ ಅವಳಿಗೆ ಸಂಕಟವಾಯಿತು. "ಅಯ್ಯೋ, ಎಲ್ಲಾ ತಿಂದಳು."

ಕಿಟಕಿಯ ಹತ್ತಿರ ತೆವಳಿದ್ದ ದುರಗವ್ವ ಹೊರಗೆ ನೋಡಿ, "ತಿನ್ನಾಕತ್ತಿಲ್ಲ ಹುಚ್ಚಿ! ನೋಡಿಲ್ಲೆ, ಬಾಯಾಗ ಹೊರಾಕತ್ತಾಳ!" ಎಂದಳು.

ಮಮತಾ ನೋಡಿದಳು. ಆಕೆ ಬಾಯಿ ತುಂಬ ಮರಿಗಳನ್ನಿಟ್ಟುಕೊಂಡು ಬಣವೆಯ ಕೆಳಗಿನ ನೀರಿಗೆ ಹೋಗುತ್ತಿದ್ದಳು. ನೀರಿನಲ್ಲಿ ದವಡೆ ಅಗಲಿಸಿದಾಗ ಮರಿಗಳು ಒಂದೊಂದಾಗಿ ಹರಿದು ಹೊರಬಿದ್ದವು. ಮತ್ತೆ ಬಂದಳು. ಒಡೆಯದ ತತ್ತಿಯನ್ನು ಆ ಭಯಂಕರ ಹಲ್ಲುಗಳ ನಡುವೆ ಹಿಡಿದು, ಅಕ್ಕಿಕಾಳು ಒಡೆಯದಂತೆ ಭತ್ತ ಕುಟ್ಟುವವಳ ಹದದಲ್ಲಿ, ಬರೀ ಚಿಪ್ಪು ಬಿಡಿಸಿದಳು. ಹೀಗೆ ಹೋಗಿ ಬಂದು ಹೋಗಿ ಬಂದು ಬುಟ್ಟಿ ಬರಿದಾಯಿತು.

ಮುಗಿಯಿತು ಎಂದು ಮಮತಾ ಉಸಿರು ಬಿಟ್ಟಳು. ಆಕೆ ಮತ್ತೆ ಬಂದಳು. ಖಾಲಿ ಬುಟ್ಟಿಯನ್ನು ಮೂತಿಯಿಂದ ಬೋರಲು ಹಾಕಿ, ಮರಳು ಕೆದರಿ ನೋಡಿದಳು. ಆಮೇಲೆ ಬಾಗಿಲ ಹತ್ತಿರ ಬಂದು ಗದ್ದವನ್ನು ಹೊಸ್ತಿಲಿಗೆ ಆನಿಸಿ ಮಲಗಿಬಿಟ್ಟಳು.

"ಎಲ್ಲಾ ಕೊಟ್ಟೆನಲ್ಲಾ! ಇನ್ನೇನು ಬೇಕ ನಿನಗ?" ಎಂದು ಮಮತಾ ಒಳಗಿಂದ ಕೂಗಿದಳು. ಆಗ ಅವಳ ಬೆನ್ನ ಹಿಂದೆ, ಮನೆಯೊಳಗೆ, ಸಣ್ಣಗೆ ಕೇಳಿಸಿತು.

ಉಂಕ್.

ಸದ್ದು ಬಂದದ್ದು ತೊಟ್ಟಿಲಿನಿಂದ. ಸಪ್ನಾಳಿಗೆ ಚಿಕ್ಕದಾದ ಮೇಲೆ ಅವಳ ಬೊಂಬೆಗಳು ಮಲಗುತ್ತಿದ್ದ ತೊಟ್ಟಿಲು. ಮಮತಾ ಹೋಗಿ ಹಳೆಯ ಕೌದಿಯ ತುಂಡು ಬಿಡಿಸಿದಳು. ಒಳಗೆ ಕುಂಕುಮದ ಬೊಟ್ಟಿನ ತತ್ತಿ. ಬೆಚ್ಚಗಿತ್ತು. ಬೊಟ್ಟಿನ ಪಕ್ಕದಲ್ಲೇ ಬಿರುಕು ಬಿಟ್ಟಿತ್ತು.

"ಅದು ನನ್ನ ಕೂಸು!" ಸಪ್ನಾ ಅಜ್ಜಿಯ ಕೈ ಕೊಸರಿಕೊಂಡು ಓಡಿಬಂದು ತತ್ತಿಯನ್ನು ಎದೆಗವಚಿಕೊಂಡಳು. "ನಾ ಮಾಡದಾಗಿಂದ ತಗೊಂಡೀನಿ. ಆಯಿ ಇದಕ್ಕ ಬೊಟ್ಟು ಇಟ್ಟಾಳ. ಕೊಡಂಗಿಲ್ಲ!"

ಮಗಳ ಎದೆಯಲ್ಲಿ ಅದು ಕೂಗಿತು. ಬಾಗಿಲ ತಗಡು ಕಿರ್ರೆಂದಿತು. ಮಮತಾ ಯೋಚಿಸಲಿಲ್ಲ, ಯೋಚಿಸಿದ್ದರೆ ಕಾಲು ಏಳುತ್ತಿರಲಿಲ್ಲ. ಮಗಳ ಬೆರಳು ಬಿಡಿಸಿ ತತ್ತಿ ಕಿತ್ತುಕೊಂಡಳು. ಅವಳು ಹೋ ಎಂದು ಅಳುತ್ತಿದ್ದಂತೆಯೇ ಚಿಲಕ ತೆಗೆದಳು. ಇದನ್ನು ಗಳದಿಂದ ನೂಕಲು ಬರುವುದಿಲ್ಲ, ಉರುಳಿ ಒಡೆಯುತ್ತದೆ. ಕೈಯಿಂದಲೇ ಇಡಬೇಕು.

ಬಾಗಿಲು ತೆರೆದಾಗ ಆ ತಲೆ ಅವಳ ಪಾದದ ಹತ್ತಿರವಿತ್ತು. ಕಣ್ಣು ಹಳದಿ, ಮಿಟುಕಲಿಲ್ಲ. ಉಸಿರು ಕಾಲಿಗೆ ತಾಗಿತು. ಮಮತಾ ಕುಕ್ಕರುಗಾಲಿನಲ್ಲಿ ಕೂತು, "ಯವ್ವಾ, ತಗೋ ನನ್ನವ್ವಾ, ತಗೋ," ಎಂದು ಗೊಣಗುತ್ತ, ಎರಡೂ ಕೈ ಚಾಚಿ, ಬೊಟ್ಟು ಮೇಲೆ ಮಾಡಿ ತತ್ತಿಯನ್ನು ಹೊಸ್ತಿಲ ಮೇಲಿಟ್ಟಳು. ಕೈ ಹಿಂದಕ್ಕೆ ತೆಗೆಯಲು ನೋಡಿದರೆ ಕೈ ಅವಳ ಮಾತು ಕೇಳಲಿಲ್ಲ. ಅಲ್ಲೇ ಉಳಿಯಿತು. ದವಡೆ ತೆರೆಯಿತು. ಅವಳ ಬೆರಳಿಗೆ ಒರಟಾದ ಮೂತಿ ಸವರಿಕೊಂಡು ಹೋಯಿತು. ಚಿಪ್ಪು ಕರ್ ಎಂದಿತು, ಹಲ್ಲುಗಳ ನಡುವಿನಿಂದ ಒಂದು ಪುಟ್ಟ ತಲೆ ಹೊರಗಿಣುಕಿ ಕೂಗಿತು.

ಆಕೆ ಹೊರಳಿ ಹೊಳೆಯ ಕಡೆ ಹೊರಟಳು. ತಿರುಗಿ ನೋಡಲಿಲ್ಲ. ಬೇಲಿ ದಾಟಿ, ಬಣವೆ ದಾಟಿ ನೀರಿಗಿಳಿದಳು.

ಮಮತಾ ಬಾಗಿಲು ಹಾಕುವುದನ್ನೂ ಮರೆತು ಗೋಡೆಗೊರಗಿದಳು. ದುರಗವ್ವ ತೆವಳಿ ಬಂದು ಸೊಸೆಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಎಲ್ಲವೂ ಇವೆಯೇ ಎಂದು. ಆ ಮುದುಕಿಯ ಕಣ್ಣಲ್ಲಿ ನೀರಿತ್ತು.

"ತಪ್ಪಾತು ಯವ್ವಾ," ಅಂದಳು. "ಒಂದು ಕಂಡ್ರ ಸುಮ್ನಾಗತಾಳ ಅಂತ ತಿಳಿದಿದ್ದೆ."

"ಕೋಳಿಗೆ ಲೆಕ್ಕ ಬರಂಗಿಲ್ಲ ಅಂದ್ರಿ ಅತ್ತಿ," ಎಂದಳು ಮಮತಾ. "ಈಕೀಗೆ ಬರ್ತೈತ್ರಿ."

ಸಪ್ನಾ ಇನ್ನೂ ಅಳುತ್ತಿದ್ದಳು. "ನನ್ನ ಕೂಸು ಯಾಕ ಕೊಟ್ಟಿ?" ಎಂದು ತಾಯಿಯ ಬೆನ್ನಿಗೆ ಗುದ್ದಿದಳು. ಮಮತಾ ಅವಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಬಿಗಿಯಾಗಿ ಹಿಡಿದಳು. ಹೊನ್ನೇಶನ ಬೈಕು ಬಂದು ನಿಂತಿತು. ಲೋಹಿತ ಮುರಿದ ಬೇಲಿ ನೋಡಿ ಬಲೆ ಎಸೆದು ಓಡಿಬಂದ. ಅಂಗಳದಲ್ಲಿ ಜನ ಸೇರಿದರು. ಏನಾಯಿತು, ಹೇಗಾಯಿತು ಎಂದು ಎಲ್ಲರೂ ಕೇಳುತ್ತಿದ್ದರು.

"ಕೊಡಿಲ್ಲೆ ಕೂಸಿನ್ನ, ನೀ ಸ್ವಲ್ಪ ನೀರು ಕುಡಿ," ಎಂದು ಲೋಹಿತ ಕೈ ಚಾಚಿದ.

ಮಮತಾ ಕೊಡಲಿಲ್ಲ.